ಕೂಸಿನ ಎದೆಯ ಝಡಪ

ಆಗ ನನಗೆ ಅರವತ್ತೊಂಬತ್ತು. ಹೋದ ಮಳೆಗಾಲದ ಮಾತು, ಇನ್ನೂ ವರ್ಷ ತುಂಬಿಲ್ಲ.

ಮೊಮ್ಮಗಳು ಭೂಮಿ ಆಗ ಐದು ತಿಂಗಳ ಕೂಸು. ಹಾಲು ಕುಡಿಯುವಾಗ ಅವಳ ತಲೆ ಬೆವರುತ್ತಿತ್ತು. ನಾಲ್ಕು ಗುಟುಕು ಕುಡಿಯುವುದು, ಬಿಡುವುದು, ಗುಡ್ಡ ಹತ್ತಿ ಬಂದವರ ಹಾಗೆ ತೇಕುವುದು, ಮತ್ತೆ ನಾಲ್ಕು ಗುಟುಕು. ಅಷ್ಟಕ್ಕೇ ದಣಿದು ನಿದ್ದೆ. ಸೊಸೆಯ ತೋಳು ಬೆವರಿಗೆ ತೊಯ್ದಿರುತ್ತಿತ್ತು.

ನಾಗಪುರದಲ್ಲಿ ಯಾರು ಬೆವರುವುದಿಲ್ಲ ಅಂದರು ಎಲ್ಲರೂ. ಅದು ಖರೆ. ಇಲ್ಲಿ ಮೇ ತಿಂಗಳಲ್ಲಿ ನಲ್ಲಿಯ ನೀರಿಗೆ ಚಹಾಪುಡಿ ಹಾಕಿದರೆ ಸಾಕು. ಆದರೆ ಇದು ಜುಲೈ. ಮಳೆ ಹಿಡಿದಿತ್ತು. ಕೂಲರ್ ಬಂದ್ ಮಾಡಿ ಮೂಲೆಗೆ ಸರಿಸಿ ಆಗಿತ್ತು. ನಾನು ಸೆರಗು ಹೊದ್ದು ಕೂತಿದ್ದೆ, ಕೂಸು ಬೆವರುತ್ತಿತ್ತು.

ನನಗೆ ಅದು ಸರಿ ಕಾಣಲಿಲ್ಲ.

ಮನೆಯಲ್ಲಿ ನಾವು ನಾಲ್ಕೇ ಮಂದಿ. ಮಗ ಮಹೇಶ ರೈಲಿನ ಗಾರ್ಡ್. ಅವರಪ್ಪನೂ ರೈಲ್ವೆಯವರೇ. ಅವರ ಬದಲಿಯ ಹಿಂದೆ ನಾನು ಈ ಊರಿಗೆ ಬಂದೆ. ಅವರು ತೀರಿಕೊಂಡರು, ನಾನು ಉಳಿದೆ. ಸೊಸೆ ವೈಶಾಲಿ ಇಲ್ಲಿಯ ಮರಾಠಿ ಹುಡುಗಿ, ಊರ ಹೊರಗೆ ಮಿಹಾನ್ ಅನ್ನುವಲ್ಲಿ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ನನಗೆ ಆಯಿ ಅನ್ನುತ್ತಾಳೆ. ನನ್ನಿಂದಲೇ ಕನ್ನಡ ಕಲಿತಳು. ಮೊದಲು ಕಲಿತದ್ದು ನಾನು ಬೈಯುವ ಕನ್ನಡ. ನನ್ನ ಮರಾಠಿ ಅಂದರೆ ಸಂತೆ ಮರಾಠಿ. ಕಾಯಿಪಲ್ಲೆ ಕೊಳ್ಳಲು ಸಾಕು, ಜಗಳಕ್ಕೂ ಸಾಕು. ದವಾಖಾನೆಗೆ ಸಾಲದು.

ಲಸಿಕೆ ಹಾಕಿಸುವ ದಿನ ಡಾಕ್ಟರ್ ಬಾಯಿಗೆ ಹೇಳಿದೆ, ಕೂಸು ಹಾಲು ಕುಡಿದರೆ ಬೆವರುತ್ತದೆ ಅಂತ. ಆಕೆ ಸ್ಟೆತಾಸ್ಕೋಪ್ ಇಟ್ಟಳು. ಇಟ್ಟವಳು ತೆಗೆಯಲೇ ಇಲ್ಲ. ಬಲಕ್ಕೆ ಸರಿಸಿದಳು, ಎಡಕ್ಕೆ ಸರಿಸಿದಳು, ಬೆನ್ನಿಗೆ ಇಟ್ಟಳು. ನಗು ನಿಲ್ಲಿಸಿ ಮತ್ತೊಮ್ಮೆ ಎದೆಗೆ ಇಟ್ಟಳು.



ಎದೆಯಲ್ಲಿ ಮರ್ಮರ್ ಅನ್ನುವ ಬೇರೆ ಸಪ್ಪಳ ಇದೆ, ಎಕೋ ಅಂತ ಹೃದಯದ ಸ್ಕ್ಯಾನ್ ಇರುತ್ತದೆ, ಮಾಡಿಸಿ ಅಂದಳು. ದೊಡ್ಡ ದವಾಖಾನೆಗೆ ಬರೆದುಕೊಟ್ಟಳು.

ಮಹೇಶ ಗಾಡಿಯ ಮೇಲೆ ಹೋಗಿದ್ದ. ನಾನು ಮತ್ತು ವೈಶಾಲಿ ಹೋದೆವು. ಎಕೋ ಮಾಡಲು ಕೂಸು ನಿದ್ದೆ ಮಾಡಬೇಕು. ಔಷಧ ಕುಡಿಸಿ ಮಲಗಿಸಿದರು. ಕೋಣೆ ಕತ್ತಲು. ಟಿವಿಯಂಥದ್ದರ ಮೇಲೆ ಮೊದಲು ಕಪ್ಪು ಬಿಳಿ ಏನೋ ಮಿಸುಕಾಡುತ್ತಿತ್ತು. ಅಲ್ಲಿಯ ಡಾಕ್ಟರ್ ಒಂದು ಗುಂಡಿ ಒತ್ತಿದ. ಕೆಂಪು, ನೀಲಿ, ನಡುವೆ ಹಳದಿ ಸುಳಿ. ಬೆಂಕಿ ಹತ್ತಿದ ಹಾಗೆ ಕಂಡಿತು. ಇದು ನಮ್ಮ ಕೂಸಿನ ಎದೆಯೊಳಗಿದೆ ಅಂದರೆ ನಂಬಲು ಆಗಲಿಲ್ಲ, ನಂಬದಿರಲೂ ಆಗಲಿಲ್ಲ.

ಡಾಕ್ಟರ್ ವೈಶಾಲಿಯ ಜೊತೆ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದ. ಅವಳ ಮುಖ ಹಿಂಡಿದ ಅರಿವೆಯಂತಾಯಿತು. ಮುದುಕಿ ಸುಮ್ಮನೆ ನಿಂತಿದ್ದಾಳೆ ಅನ್ನಿಸಿತೇನೋ, ನನ್ನ ಕಡೆ ತಿರುಗಿ ಮರಾಠಿಯಲ್ಲಿ ಅಂದ.

"ಆಜಿ, ಬಾಳಾಚ್ಯಾ ಝಡಪೇತ ದೋಷ ಆಹೇ. ತಿಲಾ ರಡೂ ದೇವೂ ನಕಾ."

ಅಳಿಸಬೇಡಿ ಅಂದದ್ದು ತಿಳಿಯಿತು. ದೋಷ ಅಂದದ್ದು ತಿಳಿಯಿತು. ಝಡಪ ಅಂದದ್ದು ಎಲ್ಲಕ್ಕಿಂತ ಚೆನ್ನಾಗಿ ತಿಳಿಯಿತು. ನನ್ನ ತವರು ಅಥಣಿ ಕಡೆ. ಅಲ್ಲಿ ಗಿಡುಗ ಮೇಲಿಂದ ಬಂದು ಕೋಳಿಮರಿಯನ್ನು ಎತ್ತಿಕೊಂಡು ಹೋದರೆ ಝಡಪ ಹಾಕಿತು ಅನ್ನುತ್ತೇವೆ. ಕೂಸಿಗೆ ಗಾಳಿ ಬಡಿದರೆ, ಕಾಣದ್ದು ಯಾವುದೋ ಮೈಮೇಲೆ ಬಂದರೆ, ಅದಕ್ಕೂ ಝಡಪವೇ. ಝಡಪ, ದೋಷ, ಅಳಿಸಬೇಡಿ. ಮೂರೂ ಕೂಡಿಸಿದೆ. ಕಲಿತ ಡಾಕ್ಟರ್, ಅಷ್ಟು ದೊಡ್ಡ ಮಷೀನು, ಅದರಲ್ಲಿ ಕಣ್ಣಾರೆ ನೋಡಿ ಹೇಳಿದ್ದಾನೆ. ಇನ್ನು ಕೇಳುವುದೇನಿದೆ?

ಒಂದು ಶಬ್ದಕ್ಕೆ ಇಷ್ಟು ಅರ್ಥ ಇಟ್ಟದ್ದು ನಾನಲ್ಲ.

ಆಟೋದಲ್ಲಿ ವೈಶಾಲಿ ಸದ್ದಿಲ್ಲದೆ ಅತ್ತಳು. ನಾನು ಏನೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಇನ್ನೊಬ್ಬರಿಗೆ ಎಲ್ಲ ತಿಳಿದಿದೆ ಅಂತ ಇಬ್ಬರೂ ಅಂದುಕೊಂಡೆವು. ಸಂಜೆ ಮಹೇಶ ಫೋನಿನಲ್ಲಿ "ಅವ್ವಾ, ಹಾರ್ಟಿನ್ಯಾಗ ತೊಂದರಿ ಐತಂತ" ಅಂದ. ಝಡಪ ಬೀಳುವುದು ಎದೆಗೇ ತಾನೆ. ನನ್ನ ಲೆಕ್ಕಕ್ಕೆ ಬರೋಬರ್ ಕೂತಿತು.

ಅಥಣಿಯಲ್ಲಿರುವ ನನ್ನ ತಂಗಿ ಗಂಗವ್ವನಿಗೆ ಫೋನ್ ಮಾಡಿದೆ.

"ಅಕ್ಕಾ, ಗ್ರಹಣದಾಗ ನಿನ್ನ ಸೊಸಿ ಕಾಯಿಪಲ್ಯ ಹೆಚ್ಚಿರಬೇಕು ನೋಡು. ಬಸುರಿದ್ದಾಗ."

"ಗ್ರಹಣದಾಗ ಆಕಿ ಆಫೀಸಿನ್ಯಾಗ ಕಂಪ್ಯೂಟರ್ ಬಡೀತಿದ್ಲು. ಕಾಯಿಪಲ್ಯ ಹೆಚ್ಚಿದಾಕಿ ನಾನು. ನನಗ್ಯಾಕ ಬಡೀಲಿಲ್ಲ?"

"ನಿನಗ ಬಡದ್ರ ಅದಕ್ಕ ಕೇಡು" ಅಂದು ನಕ್ಕಳು. ಆಮೇಲೆ ಅಲ್ಲಿಯ ಒಬ್ಬ ಅಜ್ಜನನ್ನು ಕೇಳಿ ತಿರುಗಿ ಫೋನ್ ಮಾಡಿದಳು. ಕೈಗೆ ಕರಿದಾರ ಕಟ್ಟಬೇಕು. ಅಮಾವಾಸ್ಯೆ ದಾಟುವ ತನಕ ಕೂಸನ್ನು ಹೊಸ್ತಿಲು ದಾಟಿಸಬಾರದು. ದಾಟಿಸಿದರೆ ಝಡಪ ಮತ್ತೆ ಬೀಳುತ್ತದೆ.

ದಾರ ಕಟ್ಟಿದೆ. ವೈಶಾಲಿ ನೋಡಿ ಕೂಸಿನ ಕೈ ಹಿಡಿದುಕೊಟ್ಟಳು. ಅವಳ ತಾಯಿಯೂ ಕಟ್ಟುತ್ತಿದ್ದಳು ಅನ್ನಿ.

ಆಮೇಲೆ ಶುರುವಾಯಿತು ಅಳಿಸದಿರುವ ಕೆಲಸ.

ಕೂಸನ್ನು ಅಳಿಸದೆ ಇಡುವುದು ಅಂದರೆ ಏನು ಅಂತ ಮಾಡಿದವರಿಗೇ ಗೊತ್ತು. ಹಸಿವೆಗೆ ಮೊದಲೇ ಹಾಲು. ಒದ್ದೆಯಾಗುವ ಮೊದಲೇ ಬಟ್ಟೆ. ಕುಕ್ಕರ್ ಸೀಟಿ ಹೊಡೆಯಬಾರದು, ಅದಕ್ಕೆ ಪಾತ್ರೆಯಲ್ಲೇ ಅನ್ನ ಬಸಿದೆ. ಬಾಗಿಲ ಗಂಟೆಯ ತಂತಿ ಕಿತ್ತೆವು. ನಾನು ರೊಟ್ಟಿ ಬಡಿಯುವುದು ಬಿಟ್ಟೆ. ಬಡಿದರೆ ಆ ಸಪ್ಪಳಕ್ಕೆ ಕೂಸು ಬೆಚ್ಚಿ ಏಳುತ್ತಿತ್ತು. ಮದುವೆಯಾದಾಗಿನಿಂದ ಜೋಳದ ರೊಟ್ಟಿ ಬಡಿದ ಕೈ ಇದು. ಚಪಾತಿ ತಿಂದು ತಿಂದು ಹೊಟ್ಟೆ ಗಟ್ಟಿಯಾಯಿತು. ಅಡಿಗೆಮನೆಯ ಕದ ಮಳೆಗೆ ಉಬ್ಬಿ ನೆಲಕ್ಕೆ ಹತ್ತಿಕೊಂಡಿತ್ತು, ಅರ್ಧವೇ ತೆರೆಯುತ್ತಿತ್ತು. ಜೋರಾಗಿ ನೂಕಿದರೆ ಕಿರ್ ಅನ್ನುತ್ತದೆ ಅಂತ, ಕೈಯಲ್ಲಿ ಪಾತ್ರೆ ಹಿಡಿದು ಅಡ್ಡ ತಿರುಗಿ ನುಸುಳುತ್ತಿದ್ದೆ. ಹಗಲೆಲ್ಲ ಕೂಸು ನನ್ನ ಹೆಗಲ ಮೇಲೆ. ರಾತ್ರಿ ವೈಶಾಲಿಯ ಹೆಗಲ ಮೇಲೆ. ಆಫೀಸಿನಿಂದ ಫೋನ್ ಬಂದರೆ ಅವಳು ಸಂಡಾಸಿನೊಳಗೆ ಹೋಗಿ ಪಿಸುಗುಟ್ಟುತ್ತಿದ್ದಳು.

ಮನೆಗೆ ಮನೆಯೇ ಬಾಯಿ ಮುಚ್ಚಿಕೊಂಡು ಬದುಕಿತು.

ದಣಿವು ಅಂದರೆ ಕಾಲು ನೋವಲ್ಲ. ಕಾಲು ನೋವು ಎಣ್ಣೆ ತಿಕ್ಕಿದರೆ ಹೋಗುತ್ತದೆ. ನಿದ್ದೆಯಲ್ಲೂ ಕಿವಿ ಎದ್ದು ಕೂತಿರುತ್ತದಲ್ಲ, ಅದು ದಣಿವು. ಕೂಸು ಮುಖ ಸೊಟ್ಟ ಮಾಡಿದರೆ ಸಾಕು, ನಮ್ಮಿಬ್ಬರ ಜೀವ ಬಾಯಿಗೆ ಬರುತ್ತಿತ್ತು.

ಇಷ್ಟರಲ್ಲಿ ದವಾಖಾನೆಯವರು ಬುಧವಾರ ಆಪರೇಶನ್ನಿಗೆ ಕರೆದುಕೊಂಡು ಬನ್ನಿ ಅಂದರು. ಅಮಾವಾಸ್ಯೆ ಇದ್ದದ್ದು ಶುಕ್ರವಾರ.

"ಆಯಿ, ಬುಧವಾರ ಹೋಗಬೇಕ್ರಿ. ಝಡಪದ ಕೆಲಸ ಜಲ್ದಿ ಆಗಬೇಕು" ಅಂದಳು ವೈಶಾಲಿ.

"ಝಡಪದ ಕೆಲಸ ಅಮಾಸಿ ಆದಮ್ಯಾಲ. ಶನಿವಾರ ಹೋಗೂಣು."

"ಶನಿವಾರ ಕಾ, ಯಾಕ? ಡಾಕ್ಟರ್ ಬುಧವಾರ ಹೇಳ್ಯಾರ."

"ಡಾಕ್ಟರಗ ಝಡಪ ಕಾಣಿಸೈತಿ, ಖರೆ. ಬಿಡಸೋದು ಅವಗ ಗೊತ್ತಿಲ್ಲ."

"ಗೊತ್ತೈತ್ರಿ ಆಯಿ! ಅವರು ದಿನಾ ಅದೇ ಮಾಡತಾರ!"

ದಿನಾ ದೆವ್ವ ಬಿಡಿಸುವ ಡಾಕ್ಟರ್! ಕಾಲ ಬದಲಾಗಿದೆ ಅಂದುಕೊಂಡೆ. ಆದರೂ ಹೊಸ್ತಿಲ ಮಾತು ಬಿಡಲಿಲ್ಲ. ನಾನು ಆಪರೇಶನ್ನಿಗೆ ಹೆದರಿದ್ದೇನೆ ಅಂತ ಅವಳು ತಿಳಿದಳು. ಅವಳಿಗೆ ಝಡಪದ ಹೆದರಿಕೆಯೇ ಇಲ್ಲ ಅಂತ ನಾನು ತಿಳಿದೆ. ಇಬ್ಬರ ಬಾಯಲ್ಲೂ ಅದೇ ಶಬ್ದ. ಎರಡು ದಿನ ಹೀಗೇ ಹೋಯಿತು.

ಬುಧವಾರ ಬೆಳಿಗ್ಗೆ ಚೀಲ ತುಂಬಿ ಆಗಿತ್ತು. ಕೆಳಗೆ ಗಾಡಿ ಬಂದು ಹಾರ್ನ್ ಹೊಡೆಯಿತು. ಮಹೇಶ ಡ್ಯೂಟಿ ಮುಗಿಸಿ ಸ್ಟೇಷನ್ನಿನಿಂದ ನೇರ ದವಾಖಾನೆಗೆ ಬರುವವನಿದ್ದ. ಆಪರೇಶನ್ನಿಗೆ ಮೊದಲು ಹಾಲು ಕೊಡಬಾರದು ಅಂದಿದ್ದರು. ಕೂಸು ಹಸಿದಿತ್ತು. ನಾನು ಹೋಗಿ ಹೊಸ್ತಿಲಲ್ಲಿ ನಿಂತೆ.

"ಆಯಿ, ಸರೀರಿ."

"ಸರಿಯಂಗಿಲ್ಲ. ನಾಡದು ಅಮಾಸಿ. ಇವತ್ತ ಹೊಸ್ತಿಲಾ ದಾಟಿದ್ರ ಕೂಸು ಕೈಗೆ ಹತ್ತಂಗಿಲ್ಲ."

"ಇವತ್ತ ದಾಟಲಿಲ್ಲಂದ್ರ ಹತ್ತಂಗಿಲ್ಲ!" ಅಂತ ಚೀರಿದಳು. ಆ ಹುಡುಗಿ ನನ್ನ ಮುಂದೆ ದನಿ ಎತ್ತಿದ್ದು ಅದೇ ಮೊದಲು.

ಆ ಚೀರಿಗೆ ಭೂಮಿ ಬೆಚ್ಚಿದಳು. ಅತ್ತಳು. ಅಷ್ಟು ದಿನದಿಂದ ನಾವು ಒಳಗೆ ಒತ್ತಿಟ್ಟ ಅಳು ಎಲ್ಲ ಒಮ್ಮೆಗೇ ಬಂತು. ಆಮೇಲೆ ಬಾಯಿ ತೆರೆದೇ ಇತ್ತು, ದನಿ ನಿಂತಿತು.

ತುಟಿ ನೀಲಿಯಾಯಿತು.

ನೇರಳೆ ಹಣ್ಣು ತಿಂದವರ ಹಾಗೆ. ಆಮೇಲೆ ಉಗುರು. ಬಂತು ಗಿಡುಗ ಅಂದುಕೊಂಡೆ. 

ವೈಶಾಲಿ ಕೂಸಿನ ಮೊಣಕಾಲು ಮಡಚಿ ಎದೆಗೆ ಒತ್ತಿ ಹಿಡಿದಳು. ಹಾಗೆ ಮಾಡಲು ಡಾಕ್ಟರ್ ಹೇಳಿಕೊಟ್ಟಿದ್ದನಂತೆ. ಬೆನ್ನು ಸವರಿದಳು. ಉಸಿರು ತಿರುಗಿತು. ನೀಲಿ ಮೆಲ್ಲಗೆ ಇಳಿಯಿತು.

"ನೋಡಿದೇನ?" ಅಂದೆ. "ನೋಡಿದೇನ ಝಡಪ?"

ಅವಳು ನನ್ನ ಮುಖವನ್ನೇ ನೋಡಿದಳು. ಏನೋ ಹೊಳೆಯಿತು ಅವಳಿಗೆ.

"ಆಯಿ, ನೀವು ಝಡಪ ಅಂದ್ರ ಏನು ತಿಳಕೊಂಡೀರಿ?"

"ತಿಳಕೊಳ್ಳೋದೇನೈತಿ? ಗಾಳಿ ಬಡದೈತಿ. ದೆವ್ವ."

 ಒಂದು ಕೈಯಲ್ಲಿ ಕೂಸು. ಇನ್ನೊಂದು ಕೈಯಿಂದ ನನ್ನ ರಟ್ಟೆ ಹಿಡಿದು ಅಡಿಗೆಮನೆಯ ಬಾಗಿಲಿಗೆ ದರದರ ಎಳೆದುಕೊಂಡು ಹೋದಳು. ಉಬ್ಬಿದ ಕದವನ್ನು ಹಿಡಿದು ಅಲುಗಾಡಿಸಿದಳು.

"ಹೀ ಝಡಪ! ಇದಕ್ಕ ಝಡಪ ಅಂತೀವಿ ಮರಾಠಿಯೊಳಗ. ಕದ! ಆಕಿ ಎದಿಯಾಗ ಇಂಥಾದ್ದು ಒಂದು ಕದ ಐತಿ. ಪೂರಾ ತೆರಿಯಂಗಿಲ್ಲ. ಇದರ ಹಂಗ. ರಕ್ತ ಅಡ್ಡ ತಿರಿಗಿ ನುಸಳಬೇಕು, ನಿಮ್ಮ ಹಂಗ! ತಿಳೀತೇನ್ರಿ? ದೆವ್ವ ಇಲ್ಲ, ಭೂತ ಇಲ್ಲ. ಕದ!"

ನಾನು ಕದ ನೋಡಿದೆ. ಅರ್ಧ ತೆರೆದಿತ್ತು. ಮಳೆಗಾಲವೆಲ್ಲ ಅದರಲ್ಲಿ ನುಸುಳಿದವಳು ನಾನು. ಪಾತ್ರೆ ಹಿಡಿದು ನುಸುಳಿದರೆ ಎಷ್ಟು ದಣಿವು ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ.

"ಮೊದಲ ಹೇಳಾಕ ಏನಾಗಿತ್ತು ನಿನಗ?" ಅಂದೆ.

"ಹೇಳಿದ್ನಲ್ಲರೀ! ಝಡಪ, ಝಡಪ ಅಂತ ದಿನಾ ಬಾಯಿ ಬಡಕೊಂಡೆ!"

ಕೆಳಗೆ ಮತ್ತೆ ಹಾರ್ನ್. ಚೀಲ ನಾನೇ ಎತ್ತಿಕೊಂಡೆ. ಹೊಸ್ತಿಲು ಮೊದಲು ನಾನು ದಾಟಿದೆ. ಹಿಂದೆ ಅವಳು, ಅವಳ ಹೆಗಲ ಮೇಲೆ ಕೂಸು.

ದವಾಖಾನೆಯಲ್ಲಿ ಡಾಕ್ಟರನಿಗೆ ಈ ಕಥೆ ವೈಶಾಲಿಯೇ ಹೇಳಿದಳು. ಅವನು ನಗಲಿಲ್ಲ, ಅದು ಒಳ್ಳೆಯದಾಯಿತು. ಕೂತು ತಿಳಿಸಿ ಹೇಳಿದ. ಅವನ ಮರಾಠಿಯನ್ನು ವೈಶಾಲಿ ಕನ್ನಡ ಮಾಡಿದಳು. ನನಗೆ ತಿಳಿದಷ್ಟು ಬರೆಯುತ್ತೇನೆ.

ಹೃದಯದಿಂದ ಪುಪ್ಪುಸಕ್ಕೆ ರಕ್ತ ಹೋಗುವ ದಾರಿಯಲ್ಲಿ ಒಂದು ವಾಲ್ವ್ ಇರುತ್ತದೆ. ಅದಕ್ಕೆ ಮೂರು ಎಸಳು. ಹೃದಯ ಹಿಂಡಿದಾಗ ಅವು ತೆರೆಯಬೇಕು, ರಕ್ತ ಹೋದ ಮೇಲೆ ಮುಚ್ಚಬೇಕು. ನಮ್ಮ ಕೂಸಿಗೆ ಎಸಳುಗಳ ಅಂಚುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ನಡುವೆ ಸಣ್ಣ ಕಂಡಿ, ಅಷ್ಟೇ. ಅದರಲ್ಲೇ ರಕ್ತ ತಳ್ಳಿ ತಳ್ಳಿ ಹೃದಯ ದಣಿಯುತ್ತದೆ. ಅದಕ್ಕೇ ಹಾಲು ಕುಡಿದರೆ ಬೆವರು. ಹುಟ್ಟಿದ ಮೇಲೆ ಮುಚ್ಚಬೇಕಾದ ಇನ್ನೊಂದು ಸಣ್ಣ ದಾರಿಯೂ ಒಳಗೆ ಮುಚ್ಚಿರಲಿಲ್ಲ. ಕೂಸು ಜೋರಾಗಿ ಅತ್ತರೆ ಶುದ್ಧವಾಗದ ರಕ್ತ ಆ ಕಡೆಯಿಂದ ನುಗ್ಗುತ್ತದೆ. ಅದಕ್ಕೇ ತುಟಿ ನೀಲಿ.

"ಯಾರ ತಪ್ಪು ಇದು?" ಅಂತ ಕೇಳಿದೆ. ಗಂಗವ್ವ ನಾಳೆ ಕೇಳುತ್ತಾಳೆ, ಅವಳಿಗೆ ಬಾಯಿ ಮುಚ್ಚುವ ಉತ್ತರ ಬೇಕಿತ್ತು.

ಯಾರ ತಪ್ಪೂ ಅಲ್ಲ ಅಂದ. ಬಸಿರು ನಿಂತ ಮೊದಮೊದಲ ವಾರಗಳಲ್ಲೇ ಹೃದಯ ಮೂಡುತ್ತದೆ. ಆಗಲೇ ಹೀಗಾಗಿರುತ್ತದೆ. ತಾಯಿ ತಿಂದದ್ದರಿಂದಲ್ಲ, ದುಡಿದದ್ದರಿಂದಲ್ಲ, ಗ್ರಹಣದಿಂದಲ್ಲ. ವೈಶಾಲಿ ಇದನ್ನು ಕನ್ನಡ ಮಾಡುವಾಗ ದುಡಿದದ್ದರಿಂದಲ್ಲ ಅನ್ನುವುದನ್ನು ಎರಡು ಸಲ ಹೇಳಿದಳು. ಅವಳೂ ಒಳಗೊಳಗೇ ಅದನ್ನೇ ಕೇಳಿಕೊಳ್ಳುತ್ತಿದ್ದಳು ಅಂತ ನನಗೆ ಆಗ ಗೊತ್ತಾಯಿತು.

ಎದೆ ಕೊಯ್ಯುವುದಿಲ್ಲವಂತೆ. ತೊಡೆಸಂದಿಯ ರಕ್ತನಾಳದಿಂದ ತೆಳ್ಳಗಿನ ನಳಿಗೆ ಹಾಕಿ ಎದೆಯ ತನಕ ಒಯ್ಯುವುದು. ಅದರ ತುದಿಗೆ ಬಲೂನು. ವಾಲ್ವಿನ ನಡುವೆ ಅದನ್ನು ಉಬ್ಬಿಸಿದರೆ ಅಂಟಿದ ಅಂಚು ಬಿಡುತ್ತದೆ.

"ಬಲೂನ್ ಒಡದ್ರ?"

ಒಡೆಯುವುದು ಬಹಳ ಕಡಿಮೆ, ಒಡೆದರೂ ಒಳಗೆ ಗಾಳಿ ಇರುವುದಿಲ್ಲ, ಔಷಧದ ನೀರು ಅಂದ.

"ಕದಾನ ಹರದ್ರ?"

ಈಗ ನಕ್ಕ. "ಆಜಿ ಬರೋಬರ್ ವಿಚಾರತಾತ" ಅಂದ, ಅಜ್ಜಿ ಸರಿಯಾಗೇ ಕೇಳುತ್ತಾರೆ ಅಂತ. ಸ್ವಲ್ಪ ಹರಿಯಬಹುದು, ಆಮೇಲೆ ಸ್ವಲ್ಪ ಸೋರಬಹುದು. ಸೋರುವ ಕದ ಇಟ್ಟುಕೊಂಡು ಬಾಳಬಹುದು, ತೆರೆಯದ ಕದ ಇಟ್ಟುಕೊಂಡು ಆಗುವುದಿಲ್ಲ. ಅಪಾಯ ಇಲ್ಲವೇ ಇಲ್ಲ ಅಂತ ಅವನು ಹೇಳಲಿಲ್ಲ. ಅದಕ್ಕೇ ಅವನನ್ನು ನಂಬಿದೆ.

ಒಳಗೆ ಒಯ್ಯುವ ಮೊದಲು ನರ್ಸ್ ಕರಿದಾರ ಕತ್ತರಿಸಿ ನನ್ನ ಕೈಗೆ ಕೊಟ್ಟಳು. ಚೀಲದ ತಳಕ್ಕೆ ಹಾಕಿದೆ. ಈಗ ಎಲ್ಲಿದೆಯೋ ಗೊತ್ತಿಲ್ಲ.

ಮಹೇಶ ಬಿಳಿ ಯೂನಿಫಾರ್ಮಿನಲ್ಲೇ ಓಡಿ ಬಂದ. ಹೆಂಡತಿಯಿಂದ ಎಲ್ಲ ಕೇಳಿದ.

"ಅವ್ವಾ, ದೆವ್ವ ನೋಡಾಕ ಯಾರರೇ ಎಕೋ ಮಾಡತಾರೇನ?"

"ನೀ ಗಾಡಿಗೆ ಹಸರ ನಿಶಾನಿ ತೋರಸು. ನನಗ ಶಾಣ್ಯಾತನ ತೋರಸಬ್ಯಾಡ" ಅಂದೆ.

ಆಮೇಲೆ ಮೂವರೂ ಕಾಯುತ್ತಾ ಕೂತೆವು. ಆ ಬೆಂಚು, ಆ ಫಿನೈಲ್ ವಾಸನೆ. ಬಾಗಿಲು ತೆರೆದಾಗಲೆಲ್ಲ ಮೂವರೂ ಎದ್ದು ನಿಲ್ಲುವುದು, ಬೇರೆಯವರ ಹೆಸರು ಕೂಗಿದರೆ ಕೂರುವುದು. ವೈಶಾಲಿ ಕೂತಲ್ಲೇ ನಿದ್ದೆ ಹೋದಳು. ತಲೆ ನನ್ನ ಹೆಗಲ ಮೇಲೆ ಬಿತ್ತು. ಬಾಯಿ ತೆರೆದಿತ್ತು. ಭಾರ ಇತ್ತು. ಸರಿಸಲಿಲ್ಲ. ದೇವರಿಗೆ ಹರಕೆ ಹೊತ್ತೆನಾ ಅಂತ ಆಮೇಲೆ ಗಂಗವ್ವ ಕೇಳಿದಳು. ಹೊರಲಿಲ್ಲ. ಹೊರಲು ಹೆಗಲು ಖಾಲಿ ಇರಲಿಲ್ಲ.

ಡಾಕ್ಟರ್ ಹೊರಗೆ ಬಂದ. ಅಂಗೈ ಎರಡನ್ನೂ ಕೂಡಿಸಿ, ಕದ ತೆರೆದ ಹಾಗೆ ಬಿಚ್ಚಿ ತೋರಿಸಿದ. ಯಾವ ಭಾಷೆಯೂ ಬೇಕಾಗಲಿಲ್ಲ.

ನಳಿಗೆ ಹಾಕಿದ ಕಾಲು ಮಡಚದಂತೆ ಕೂಸನ್ನು ಹಿಡಿದು ಕೂರುವುದೇ ಒಂದು ಶಿಕ್ಷೆ. ಅದನ್ನೂ ಪಾಳಿ ಹಚ್ಚಿ ಮಾಡಿದೆವು. ಮನೆಗೆ ಕಳಿಸುವ ದಿನ ಡಾಕ್ಟರ್ ಎಲ್ಲ ಹೇಳಿದ. ವಾಲ್ವ್ ಸ್ವಲ್ಪ ಸೋರುತ್ತಿದೆ. ಎಕೋ ಮಾಡಿಸುತ್ತಾ ಇರಬೇಕು, ದೊಡ್ಡವಳಾದ ಮೇಲೂ. ಬೆಳೆಯುತ್ತಾ ಮತ್ತೆ ಬಿಗಿಯಬಹುದು, ಬಿಗಿಯದೆಯೂ ಇರಬಹುದು. ಹಲ್ಲಿನ ಡಾಕ್ಟರ್ ಹತ್ತಿರ ಹೋದರೂ ಹೃದಯದ ಮಾತು ಮೊದಲು ಹೇಳಬೇಕು. ಪೂರಾ ವಾಸಿಯಾಯಿತು ಅನ್ನುವ ಮಾತು ಅವನ ಬಾಯಿಂದ ಬರಲಿಲ್ಲ. ನಾನೂ ಕೀಳಲು ಹೋಗಲಿಲ್ಲ. ಈ ವಯಸ್ಸಿಗೆ ನನ್ನ ಮೊಣಕಾಲು, ಕಣ್ಣು ಯಾವುದೂ ಪೂರಾ ಇಲ್ಲ. ನಡೆಯುತ್ತಿದೆ.

ಒಂದೇ ಕೇಳಿದೆ. "ಅಳಬಹುದಾ?"

"ರಡೂ ದ್ಯಾ ಆಜಿ" ಅಂದ. ಅಳಲಿ ಬಿಡಿ.

ಮೂರನೇ ಇಯತ್ತೆ ತನಕ ಶಾಲೆ ಕಲಿತವಳು ನಾನು. ಇಷ್ಟು ಬರೆದದ್ದು ಯಾಕೆ ಅಂದರೆ, ಹಾಲು ಕುಡಿಯುವಾಗ ಕೂಸು ಬೆವರಿದರೆ ಸೆಕೆ ಅಂತ ಬಿಡಬೇಡಿ, ತೋರಿಸಿ. ಡಾಕ್ಟರ್ ಹೇಳಿದ ಶಬ್ದ ತಿಳಿಯದಿದ್ದರೆ ಅಲ್ಲೇ ಕೇಳಿ. ತಿಳಿದರೂ ಕೇಳಿ. ನನಗೆ ತಿಳಿದಿತ್ತಲ್ಲ.

ಮನೆಗೆ ಬಂದ ಮರುದಿನ ಬೆಳಿಗ್ಗೆ ಎದ್ದು ಸ್ನಾನ ಮಾಡಿದೆ. ಅಡಿಗೆಮನೆಯ ಕದವನ್ನು ನೂಕಿದೆ, ಕಿರ್ ಅಂದಿತು, ಅನ್ನಲಿ. ಹಂಚು ಇಟ್ಟೆ. ಪರಾತದಲ್ಲಿ ಜೋಳದ ಹಿಟ್ಟು ನಾದಿದೆ. ಒಂದು ಉಂಡೆ ತಗೊಂಡು ಬಡಿದೆ. ಟಪ್ ಟಪ್ ಅಂತ ಸಪ್ಪಳ ಇಡೀ ಮನೆಗೆ ಹೋಯಿತು.

ಕೂಸು ಎದ್ದಿತು. ಅತ್ತಿತು. ಗಂಟಲು ಹರಿದು ಅತ್ತಿತು.

ವೈಶಾಲಿ ಕೂದಲು ಕೆದರಿಕೊಂಡು ಓಡಿ ಬಂದಳು, ತೊಟ್ಟಿಲಿಗೆ ಕೈ ಹಾಕಿದಳು.

"ತಡಿ" ಅಂದೆ.

ಹಿಟ್ಟಿನ ಕೈಯಲ್ಲೇ ಹೋಗಿ ಬಗ್ಗಿ ನೋಡಿದೆ. ಅವಳೂ ಬಗ್ಗಿದಳು. ಕೂಸು ನಮ್ಮಿಬ್ಬರನ್ನೂ ನೋಡಿ ಇನ್ನಷ್ಟು ಜೋರಾಗಿ ಅತ್ತಿತು. ತುಟಿ ಕೆಂಪಗಿತ್ತು. ನಾಲಿಗೆ ಕೆಂಪಗಿತ್ತು. ಮುಖವೆಲ್ಲ ಕೆಂಪಗಿತ್ತು.

"ಆಯಿ, ಎತ್ತಿಕೊಳ್ಳಲೇನ್ರಿ?"

"ಇನ್ನೊಂದೀಟು ಅಳಲಿ" ಅಂದೆ.

ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಹೋಗಿ ತಿರುವಿ ಹಾಕಿದೆ. ಇನ್ನೊಂದು ಉಂಡೆ ತಗೊಂಡೆ.